ಅಪ್ಪನ ಆರೈಕೆ



ಇವತ್ತು ನಮ್ಮ ಮನೆಯ ವಿಷಯ ಹೇಳ್ತೀನಿ.

ನಮ್ಮ ಅಪ್ಪನಿಗೆ ಮುದ್ದೆ ನುಂಗಲು ಕಷ್ಟವಾಯ್ತು. ಆಮೇಲೆ ಅನ್ನವೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಅನ್ನನಾಳದ ಕ್ಯಾನ್ಸರ್ ಅಂದರು. ಗಂಟಲಿನಿಂದ ಹೊಟ್ಟೆಗೆ ಅನ್ನ ಇಳಿಯುವ ದಾರಿಯೇ ಅನ್ನನಾಳ. ರೋಗ ಬೇರೆ ಕಡೆಗೂ ಹರಡಿತ್ತು. "ವಾಸಿ ಆಗೋದಿಲ್ಲ. ಆದರೆ ನೋವು ಕಡಿಮೆ ಮಾಡಬಹುದು" ಅಂದರು ಡಾಕ್ಟರು.

ಮನೆಗೆ ಬಂದು ನಾವು ತಪ್ಪು ಮಾಡಿದೆವು. ಶಕ್ತಿ ಬರಲಿ ಅಂತ ಬಲವಂತವಾಗಿ ತಿನ್ನಿಸಿದೆವು. ಅಪ್ಪ ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದರು.

ನರ್ಸಮ್ಮ ತಿಳಿಸಿ ಹೇಳಿದರು. "ನೆಟ್ಟಗೆ ಕೂರಿಸಿ. ತೆಳು ಅಂಬಲಿ, ಸೋಸಿದ ಬೇಳೆಕಟ್ಟು ಚಮಚದಲ್ಲಿ ಕೊಡಿ. ಸಾಕು ಅಂದರೆ ನಿಲ್ಲಿಸಿ. ಕುಡಿದ ಕೂಡಲೇ ಮಲಗಿಸಬೇಡಿ. ನೀರೂ ಇಳಿಯದಿದ್ದರೆ ಕರೆತನ್ನಿ. ಕೆಲವರಿಗೆ ಸ್ಟೆಂಟ್ ಅನ್ನುವ ಕೊಳವೆ ಇಟ್ಟು ದಾರಿ ಬಿಡಿಸಬಹುದು."

ನೆರೆಯವರು ತಟ್ಟೆ ಲೋಟ ಬೇರೆ ಇಡಿ ಅಂದರು. ಬೇಕಿಲ್ಲ. ಇದು ಅಂಟುರೋಗ ಅಲ್ಲ.

ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟರು. ನೆಂಟರು "ಚಟ ಹಿಡಿಯುತ್ತೆ" ಅಂತ ಹೆದರಿಸಿದರು. ಡಾಕ್ಟರು ಹೇಳಿದರು, "ಹೇಳಿದ ಅಳತೆಯಲ್ಲಿ ಕೊಟ್ಟರೆ ಹೆದರಬೇಕಿಲ್ಲ. ನೋವು ಬರಲಿ ಅಂತ ಕಾಯಬೇಡಿ. ನಾಲ್ಕು ಗಂಟೆಗೊಮ್ಮೆ ಕೊಡಿ. ಮಲಬದ್ಧತೆ ಆಗುತ್ತೆ, ಅದಕ್ಕೂ ಔಷಧಿ ಇದೆ."

ನಾನು ಶಾಲೆಗೆ ಹೋದರೆ ಮಾತ್ರೆ ಕೊಡುವವರು ಯಾರು? ನಮ್ಮವ್ವ ಆಗ ನಿಮ್ಮ ಹಾಗೇ ಅಕ್ಷರ ಕಲಿಯುತ್ತಿದ್ದಳು. ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟೆ: ಬೆಳಿಗ್ಗೆ 10, ಮಧ್ಯಾಹ್ನ 2. ಅವ್ವ ಓದಿಕೊಂಡು ಕೊಟ್ಟಳು. ಕೊಟ್ಟ ಮೇಲೆ ಗೆರೆ ಎಳೆದಳು. ಒಂದು ಸಂಜೆ ನೋಡಿದರೆ, ಅವಳೇ ಬರೆದಿದ್ದಳು: "ನೋವು ಕಮ್ಮಿ. ನಿದ್ದೆ ಬಂತು."

ಒಂದು ರಾತ್ರಿ ಅಪ್ಪ ಕೇಳಿದರು, "ನಾನು ಉಳಿಯಲ್ಲ, ಅಲ್ವೇನವ್ವ?"

ಅಷ್ಟು ದಿನ ಮುಚ್ಚಿಟ್ಟಿದ್ದೆ. ಅವತ್ತು ಕೈ ಹಿಡಿದುಕೊಂಡೆ. "ವಾಸಿ ಆಗಲ್ಲ ಅಪ್ಪ. ಆದರೆ ನಾವು ನಿನ್ನ ಜೊತೆ ಇರ್ತೀವಿ" ಅಂದೆ.

"ನಂಗೆ ಗೊತ್ತಿತ್ತು. ನೀವು ಯಾರೂ ಮಾತಾಡ್ತಿರಲಿಲ್ಲ. ಅದೇ ಸಂಕಟ ಆಗಿತ್ತು" ಅಂದರು.

ಮರುದಿನ ಸಾಲದ ಲೆಕ್ಕ ಹೇಳಿದರು. ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿ ಅಂದರು. ನಮ್ಮ ಸೋದರತ್ತೆ ಬಂದರು. ಇಬ್ಬರೂ ಅತ್ತರು, ಮಾತಾಡಿದರು.

ಎರಡು ತಿಂಗಳಿಗೆ ಅಪ್ಪ ತೀರಿಕೊಂಡರು. ರೋಗ ವಾಸಿ ಮಾಡಲು ನಮ್ಮಿಂದ ಆಗಲಿಲ್ಲ. ಆದರೆ ಅವರು ನರಳಿ ಸಾಯಲಿಲ್ಲ. ಒಂಟಿಯಾಗಿಯೂ ಇರಲಿಲ್ಲ.

ಮನೆಯಲ್ಲಿ ನೋಡಿಕೊಳ್ಳಲು ಆಗದವರಿಗೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ದುಡ್ಡಿಲ್ಲದೆ ನೋಡಿಕೊಳ್ತಾರೆ.

ನಿಮ್ಮ ಮನೆಯಲ್ಲಿ ಇಂಥ ಕಷ್ಟ ಬಂದರೆ ಸಂಕೋಚ ಬೇಡ. "ನೋವಿಗೆ ಏನು ಕೊಡ್ತೀರಿ?" ಅಂತ ಡಾಕ್ಟರನ್ನು ಕೇಳಿ. ಹೇಳಿದ್ದನ್ನು ಬರೆದುಕೊಳ್ಳಿ. ಈಗ ನಿಮಗೆ ಬರೆಯಲು ಬರುತ್ತೆ.