ಹಿಟ್ಟಿನ ಕೋಳಿ



‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಊಟಕ್ಕೆ ಮಿತ, ಮಾತಿಗೆ ಮಿತ, ನಿದ್ದೆಗೆ ಮಿತ ಎಂದು ನಮ್ಮ ಹಿರಿಯರು ಎಲ್ಲಕ್ಕೂ ಒಂದೊಂದು ಅಳತೆಗೋಲು ಇಟ್ಟುಕೊಂಡು ಬಾಳಿದವರು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದ ನಾನೂ ಈ ಮಿತವೆಂಬ ಗುಣವನ್ನು ಎಷ್ಟು ಸಲ ಹೊಗಳಿದ್ದೇನೋ ಲೆಕ್ಕವಿಲ್ಲ. ಆದರೆ ಒಮ್ಮೆ ಈ ಒಳ್ಳೆಯ ಮಾತನ್ನು ಹೇಳಬಾರದವನಿಗೆ ಹೇಳಿಬಿಟ್ಟೆ. ಅವನು ನನ್ನ ಬೆನ್ನಿಗೆ ಬಿದ್ದ ತಮ್ಮ. ಆ ಮಾತಿನಿಂದ ಅವನೂ ಅವನ ಮನೆಯವರೂ ಪಟ್ಟ ಪಾಡನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಇದನ್ನು ಬಾನುಲಿಯಲ್ಲಿ ಹೇಳಬಹುದೇ ಎಂದು ಅವನನ್ನೇ ಕೇಳಿದೆ. “ಹೇಳಣ್ಣಾ, ಹೆಸರೊಂದು ಬಿಟ್ಟು ಎಲ್ಲಾ ಹೇಳು” ಎಂದ.

ನಮ್ಮದು ಶಿಗ್ಗಾಂವಿ ಸೀಮೆಯ ಒಕ್ಕಲುತನದ ಮನೆ. ನಾನು ಹಾನಗಲ್ಲಿನಲ್ಲಿ ಪಾಠ ಹೇಳಿಕೊಂಡಿದ್ದೆ. ತಮ್ಮ ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ. ಸಾರಾಯಿಯ ಪಾಕೀಟು ಕಿರಾಣಿ ಅಂಗಡಿಯ ಬೆಲ್ಲದಷ್ಟೇ ಸಲೀಸಾಗಿ ಕೈಗೆ ಸಿಗುತ್ತಿದ್ದ ಕಾಲ ಅದು. ಸಂಬಳದ ದಿನದ ಗೆಳೆತನವಾಗಿ ಹತ್ತಿದ ಕುಡಿತ ವಾರದ್ದಾಯಿತು, ದಿನದ್ದಾಯಿತು. ಕೊನೆಗೆ ಮುಂಜಾನೆಯ ಕೈನಡುಕವನ್ನು ನಿಲ್ಲಿಸುವುದಕ್ಕೆ ಬೇಕೇಬೇಕಾದ ಔಷಧಿಯಾಯಿತು. ಸುಣ್ಣದ ಕಡ್ಡಿ ಹಿಡಿದು ಹಲಗೆಯ ಮೇಲೆ ನೇರವಾದ ಒಂದು ಗೆರೆ ಎಳೆಯಲಾರದ ದಿನ ಬಂದಾಗ ಅವನಿಗೇ ನಾಚಿಕೆಯಾಯಿತು. 2004ರಲ್ಲಿ ವೈದ್ಯರೊಬ್ಬರ ಔಷಧಿಯ ನೆರವಿನಿಂದ ಸಂಪೂರ್ಣ ಬಿಟ್ಟ. ಒಂದು ತಿಂಗಳು, ಎರಡು ತಿಂಗಳು, ಹೀಗೆ ಹದಿನಾಲ್ಕು ತಿಂಗಳು ಕಳೆದವು.

2005ರ ಬೇಸಿಗೆಯಲ್ಲಿ ಸವಣೂರಿನಲ್ಲಿ ನಮ್ಮ ಅಕ್ಕನ ಮಗನ ಮದುವೆ. ಊಟ ಮುಗಿದು ತಟ್ಟೆಯಲ್ಲಿ ಹೆಸರಾಂತ ಸವಣೂರಿನ ಎಲೆ ಬಂದಿತ್ತು. ಕೆಲವು ಬೀಗರು ಹಿತ್ತಲಿನಲ್ಲಿ ಬೇರೊಂದು ಬಗೆಯ ಗೋಷ್ಠಿ ನಡೆಸಿದ್ದರು. ತಮ್ಮ ಅತ್ತ ಹೋಗಲಾರದೆ, ಇತ್ತ ನಮ್ಮೊಡನೆ ಕೂಡ್ರಲಾರದೆ ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದ. ಎಂದೂ ಕುಡಿಯದ ನಾನು ಅವನ ಹೆಗಲ ಮೇಲೆ ಕೈಯಿಟ್ಟು ಹಿರಿಯಣ್ಣನ ಗತ್ತಿನಲ್ಲಿ ಹೇಳಿದೆ: “ಹದಿನಾಲ್ಕು ತಿಂಗಳು ಗೆದ್ದೀಯಲ್ಲೋ, ಇನ್ನ ಅಂಜಿಕಿ ಯಾಕ? ಒಂದು ಮಿತಿ ಅಂತ ಇಟಗೊಂಡ್ರ ಆತು.” ಅವನು ನನ್ನ ಮುಖವನ್ನೇ ನೋಡಿದ. ಆ ನೋಟದ ಅರ್ಥ ಆಗ ನನಗೆ ಆಗಲಿಲ್ಲ. ಗುರುಗಳ ಅಪ್ಪಣೆ ಸಿಕ್ಕ ವಿದ್ಯಾರ್ಥಿಯಂತೆ ಹಿತ್ತಲಿಗೆ ನಡೆದ.

ಆ ರಾತ್ರಿ ಒಂದೇ ಗ್ಲಾಸು. ಮುಂದಿನ ವಾರವೂ ಒಂದೇ. ಎರಡು ತಿಂಗಳು ಹೀಗೆಯೇ ನಡೆದಾಗ, ಮಿತವೆಂಬುದು ಎಷ್ಟು ದೊಡ್ಡ ಗುಣ ನೋಡಿರಿ ಎಂದು ನಾನು ಗೆಳೆಯರ ಮುಂದೆ ಹೆಮ್ಮೆಪಟ್ಟದ್ದೂ ಉಂಟು. ದೀಪಾವಳಿಯ ಹೊತ್ತಿಗೆ ಅವನು ಮೊದಲಿನ ಸ್ಥಿತಿಗೆ ಬಂದಿದ್ದ. ಸಂಕ್ರಾಂತಿಯ ಹೊತ್ತಿಗೆ ಅದಕ್ಕೂ ಕೆಳಗಿಳಿದಿದ್ದ.

ಎಷ್ಟೋ ದಿನಗಳ ಮೇಲೆ ಅವನು ತಾನಾಗಿ ಆಡಿದ ಒಂದು ಮಾತು ಇದು: “ಅಣ್ಣಾ, ಸಾಕು ಅನ್ನೋದು ನಿನಗ ಒಳಗಿಂದ ಗೊತ್ತಾಗತೈತಿ. ನನಗ ಗೊತ್ತಾಗಂಗಿಲ್ಲ. ಎರಡನೇ ಗ್ಲಾಸು ಬರೂದ್ರಾಗ ಒಂದನೇದರ ಲೆಕ್ಕಾ ಮರತು ಹೋಗಿರತೈತಿ.” ಈ ಪ್ರಶ್ನೆಯನ್ನು ಕುರಿತು ನಾನು ಓದಿದ ಯಾವ ಗ್ರಂಥವೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿಲ್ಲ. ಮಿತಿಯನ್ನು ಕಾಯಬೇಕಾದ ವಿವೇಕವನ್ನೇ ಮದ್ಯ ಮೊದಲು ಮಂಕುಮಾಡುತ್ತದೆ. ತಕ್ಕಡಿಯೇ ಕೆಟ್ಟಿರುವಾಗ ಸರಿಯಾಗಿ ತೂಗು ಎಂದು ಅಂಗಡಿಯವನನ್ನು ಒತ್ತಾಯಿಸಿದರೆ ಏನು ಫಲ?

ನನಗೂ ಇದರ ಅನುಭವ ಇರದೆ ಇರಲಿಲ್ಲ. ನನ್ನ ಚಂಚಿಯಲ್ಲಿ ಎಲೆ ಅಡಕೆಗಳ ಜೊತೆಗೆ ತಂಬಾಕೂ ಇರುತ್ತಿತ್ತು. ದಿನಕ್ಕೆ ಎಂಟು ಸಲದ್ದನ್ನು ನಾಲ್ಕಕ್ಕೆ ಇಳಿಸುವೆನೆಂದು ಸಂಕಲ್ಪ ಮಾಡಿದೆ. ಸಲವೇನೋ ನಾಲ್ಕೇ ಆದವು. ಚಿಟಿಕೆ ಮಾತ್ರ ಎರಡರಷ್ಟಾಯಿತು! ಕೊನೆಗೆ ಚಂಚಿಯನ್ನೇ ಹೊರಗೆ ಹಾಕಿದ ಮೇಲೆ ಬಿಡುಗಡೆ ದೊರೆಯಿತು. ಇಷ್ಟಾದರೂ ತಮ್ಮನಿಗೆ ಮಿತಿಯ ಉಪದೇಶ ಮಾಡಿದೆನಲ್ಲ! ಪರರ ವ್ಯಸನದ ವಿಷಯದಲ್ಲಿ ನಾವೆಲ್ಲ ಪಂಡಿತರು.

ಸಾಹಿತ್ಯದ ಮೇಷ್ಟ್ರಾದ ನನಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗುತ್ತದೆ. 1209ರಲ್ಲಿ ರಚಿತವಾದ ಆ ಕಾವ್ಯವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಪಾಠ ಹೇಳಿದವನು. ಮಾರಿಗೆ ಬಲಿ ಕೊಡು ಎಂದು ತಾಯಿ ಚಂದ್ರಮತಿ ಮಗ ಯಶೋಧರನಿಗೆ ಹೇಳುತ್ತಾಳೆ. ಜೀವಹಿಂಸೆಗೆ ಅವನು ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎನ್ನುತ್ತಾಳೆ ತಾಯಿ. ನೋಡಿರಿ, ಇದು ಎಂಥ ಮಿತವಾದ ಸಲಹೆ! ತಾಯಿಯ ಮಾತನ್ನೂ ಮೀರಿದಂತಾಗಲಿಲ್ಲ, ಜೀವವೂ ಹೋಗಲಿಲ್ಲ. ಆದರೆ ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಆ ಕೂಗಿನಿಂದ ತಾಯಿ ಮಕ್ಕಳ ಭವಾವಳಿಯ ದುಃಖ ಮೊದಲಾಗುತ್ತದೆ. ತರಗತಿಯಲ್ಲಿ ಇದನ್ನು ಸಂಕಲ್ಪಹಿಂಸೆ ಎಂದು ವಿವರಿಸಿ ಮುಂದೆ ಸಾಗುತ್ತಿದ್ದೆ. ಸವಣೂರಿನ ಪಡಸಾಲೆಯಲ್ಲಿ ತಮ್ಮನ ಕೈಗೆ ನಾನೇ ಹಿಟ್ಟಿನ ಕೋಳಿ ಕೊಟ್ಟವನೆಂಬುದು ಆ ಮೇಲೆ ಹೊಳೆಯಿತು. ‘ಒಂದೇ ಒಂದು, ಬರಿಯ ಶಾಸ್ತ್ರಕ್ಕೆ’ ಎಂದು ನಾವು ಕೊಡುವುದು ಅದನ್ನೇ.

ಹಾಗಾದರೆ ಮಿತಪಾನ ಎಂಬುದೇ ಸುಳ್ಳೇ? ಇಲ್ಲಿ ನ್ಯಾಯವಾಗಿ ಮಾತನಾಡಬೇಕು. ಜಾತ್ರೆಗೊಮ್ಮೆ, ಮದುವೆಗೊಮ್ಮೆ ಕುಡಿದು ಮರುದಿನ ಅದನ್ನು ಮರೆತು ಹೊಲಕ್ಕೆ ಹೋಗುವವರು ನಮ್ಮ ಹಾನಗಲ್ಲಿನಲ್ಲಿಯೂ ಇದ್ದಾರೆ. ವೈದ್ಯರು ಎಚ್ಚರಿಸಿದಾಗ ಕಡಿಮೆ ಮಾಡಿದವರೂ ಉಂಟು. ಇನ್ನೂ ಅಡಿಯಾಳಾಗದವನು ಕಡಿಮೆ ಮಾಡಿದರೆ ಅಷ್ಟೂ ಲಾಭವೇ. ಬಿಡಲು ಮನಸ್ಸು ಬಾರದವನು ಅರ್ಧಕ್ಕಿಳಿಸಿದರೂ ಅವನ ಯಕೃತ್ತಿಗೂ ಹೆಂಡತಿಗೂ ಅಷ್ಟು ಹಗುರ. ಅದನ್ನು ಹೀಗಳೆಯಬಾರದು. ಆದರೆ ಸುರಕ್ಷಿತವೆಂದು ಹೇಳಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ ಎಂಬುದನ್ನೂ ಮರೆಯುವಂತಿಲ್ಲ. ಬೆಳಗಾದೊಡನೆ ಕೈ ನಡುಗುವವನು, ಮೊದಲಿನ ಅಮಲಿಗೆ ಮೊದಲಿಗಿಂತ ಹೆಚ್ಚು ಬೇಕಾದವನು, ಕೇಡಾಗುತ್ತಿರುವುದನ್ನು ಕಣ್ಣಾರೆ ಕಂಡೂ ನಿಲ್ಲಿಸಲಾರದವನು ಬೇರೆಯೇ ಒಂದು ಗುಂಪಿಗೆ ಸೇರಿದವನು. ನನ್ನ ಮಾತೆಲ್ಲ ಅವನನ್ನು ಕುರಿತದ್ದು.

ಈ ವಾದ ವೈದ್ಯಲೋಕದಲ್ಲಿಯೂ ನಡೆದಿದೆ. ಲಂಡನ್ನಿನ ಮಾಡ್‌ಸ್ಲೀ ಆಸ್ಪತ್ರೆಯ ವೈದ್ಯ ಡೇವಿಸ್ ಎಂಬವರು 1962ರಲ್ಲಿ ಒಂದು ವರದಿ ಪ್ರಕಟಿಸಿದರು. ಕುಡಿತದ ದಾಸರಾಗಿ ಚಿಕಿತ್ಸೆ ಪಡೆದ 93 ಜನರಲ್ಲಿ 7 ಮಂದಿ ಮರಳಿ ಸಾಮಾನ್ಯರಂತೆ ಮಿತವಾಗಿ ಕುಡಿಯುತ್ತಿದ್ದಾರೆಂಬುದು ಅದರ ಸಾರ. ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಗ್ರಿಫಿತ್ ಎಡ್ವರ್ಡ್ಸ್ ಎಂಬ ವೈದ್ಯರು ಅದೇ ಏಳು ಮಂದಿಯ ಮುಂದಿನ ಬಾಳನ್ನು ಅರಸಿ 1985ರಲ್ಲಿ ಬರೆದರು. ಏಳರಲ್ಲಿ ಐವರು ಕುಡಿತದಿಂದ ಮತ್ತೆ ತೊಂದರೆಗೆ ಸಿಕ್ಕಿದ್ದರು. ತೊಂದರೆಯಿಲ್ಲದೆ ಉಳಿದವರು ಇಬ್ಬರು. ಅವರಲ್ಲಿಯೂ ಒಬ್ಬನು ಎಂದೂ ತೀವ್ರವಾದ ದಾಸನಾಗಿದ್ದವನಲ್ಲ. ಅಂಥ ಒಬ್ಬಿಬ್ಬರು ಇರುವುದು ನಿಜ. ಆದರೆ ನನ್ನ ತಮ್ಮ ಆ ಒಬ್ಬನೇ ಎಂದು ಪಣವೊಡ್ಡಲು ನನಗೆ ಅಧಿಕಾರ ಕೊಟ್ಟವರು ಯಾರು?

ಇನ್ನು ನನ್ನ ಎರಡನೆಯ ತಪ್ಪು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ನಮ್ಮ ಮನೆಯ ಹೆಂಗಸರು ದೇವರಿಗೆ ಕಾಯಿ ಒಡೆಸಿದರು. ತಮ್ಮ ಪಾಕೀಟು ಬಿಟ್ಟು ಬಾಟಲಿ ಹಿಡಿದ, ಅಷ್ಟೇ. ಖರ್ಚು ಮಾತ್ರ ಹೆಚ್ಚಿತು. ಅಂಗಡಿ ಮುಚ್ಚಿದರೆ ವ್ಯಸನ ಮುಚ್ಚಿಹೋಗುವುದಿಲ್ಲವೆಂದು ಕಂಡ ಮೇಲೆ, ಮಿತವಾದಿಯಾಗಿದ್ದ ನಾನು ಒಂದೇ ನೆಗೆತಕ್ಕೆ ಉಗ್ರವಾದಿಯಾದೆ. 2008ರಲ್ಲಿ ಅವನನ್ನು ಊರಿಗೆ ಕರೆತಂದು, ಕುಲದೇವರ ಮುಂದೆ ಆಣೆ ಮಾಡಿಸಿ, ಕೋಣೆಯಲ್ಲಿ ಕೂಡಿಸಿ ಬೀಗ ಹಾಕಿದೆ. ಮೊದಲ ದಿನ ನಡುಕ, ಬೆವರು. ಎರಡನೆಯ ದಿನ ಮೈ ಸೆಟೆದು ಫಿಟ್ಸು ಬಂತು. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಒರೆಸತೊಡಗಿದ. “ಭಾವಾ, ಮೊದಲ ಬೀಗ ತಗೀರಿ, ಇವರು ಉಳಿಯಂಗಿಲ್ಲ” ಎಂದು ನಾದಿನಿ ಕೂಗಿದಾಗ ನನಗೆ ಎಚ್ಚರವಾಯಿತು. ಧಾರವಾಡದ ಆಸ್ಪತ್ರೆಯೊಂದಕ್ಕೆ ಒಯ್ದೆವು. ಇನ್ನೊಂದು ದಿನ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಅಲ್ಲಿಯ ವೈದ್ಯರು. ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ದೇಹ ಅದು ಒಮ್ಮೆಲೇ ನಿಂತಾಗ ಕೆರಳುತ್ತದೆ. ಅಂಥವನು ಬಿಡಬೇಕಾದದ್ದು ವೈದ್ಯರ ಕಣ್ಣಳತೆಯಲ್ಲಿ, ನಡುಕಕ್ಕೆ ಔಷಧಿ, ನರಗಳಿಗೆ ಬಿ1 ಜೀವಸತ್ವ ಪಡೆಯುತ್ತ. ಪೂರ್ಣವರ್ಜನೆ ಒಳ್ಳೆಯದು, ಆದರೆ ಅದು ಬೀಗದ ಕೈಯಲ್ಲಿ ಇಲ್ಲ ಎಂಬ ಪಾಠವನ್ನು ತಮ್ಮನ ಪ್ರಾಣವನ್ನು ಒತ್ತೆಯಿಟ್ಟು ಕಲಿತೆ.

ಆಸ್ಪತ್ರೆಯಿಂದ ಬಂದವನು ಮೂರು ವರ್ಷ ಮುಟ್ಟಲಿಲ್ಲ. 2011ರಲ್ಲಿ ಒಮ್ಮೆ ಜಾರಿದ. ಎರಡು ದಿನ ಮನೆಗೆ ಬರಲಿಲ್ಲ. ಮೂರನೆಯ ದಿನ ಬಂದು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕುಳಿತ. ನನ್ನ ಬಾಯಲ್ಲಿ ಹಳೆಯ ಆಣೆಯ ಮಾತು ಸಿದ್ಧವಾಗಿತ್ತು. ಅಷ್ಟರಲ್ಲಿ ನಾದಿನಿ ಒಂದು ತಂಬಿಗೆ ನೀರು ತಂದಿಟ್ಟು, “ಕೈಕಾಲ ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಐತಿ” ಎಂದಳು. ಬೇರೇನೂ ಹೇಳಲಿಲ್ಲ. ಮರುದಿನ ಅವನೇ ವೈದ್ಯರಲ್ಲಿಗೆ ಹೊರಟ. ಒಮ್ಮೆ ಆಣೆ ಮುರಿದರೆ ಎಲ್ಲವೂ ಮುರಿಯಿತು ಎಂದು ತಿಳಿದವನು ಮುರಿದ ದಿನವೇ ಬಾವಿಗೆ ಬಿದ್ದಂತೆ ಪೂರ್ತಿ ಕುಡಿಯುತ್ತಾನೆ. ವರ್ಜನೆಯನ್ನು ಬೋಧಿಸುವವರು ಎಡವುವುದು ಇಲ್ಲಿಯೇ. ಮದ್ಯದ ವಿಷಯದಲ್ಲಿ ಸಡಿಲಿಕೆ ಬೇಡ. ಜಾರಿದವನ ವಿಷಯದಲ್ಲಿ ಕಾಠಿಣ್ಯ ಬೇಡ. ನಾನು ಮಾಡಿದ್ದು ಸರಿಯಾಗಿ ಇದರ ತಿರುವುಮುರುವು.

ನಮ್ಮ ನಾಡಿನ ಒಳ್ಳೆಯ ಪ್ರಯತ್ನಗಳು ಈ ಗುಟ್ಟನ್ನು ಬಲ್ಲವು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ. ಭಿಕ್ಷೆ ಬೇಡುವವನು ಬೈಯುವುದಿಲ್ಲ. ಆ ಜೋಳಿಗೆಯ ಬಲ ಅಲ್ಲಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರ ಎಂಟು ದಿನಕ್ಕೆ ಮುಗಿದರೂ, ಬಿಟ್ಟವರು ನವಜೀವನ ಸಮಿತಿಗಳಲ್ಲಿ ಮತ್ತೆ ಮತ್ತೆ ಕೂಡುತ್ತಾರೆ. ಅಮೆರಿಕದ ಆಕ್ರನ್ ಎಂಬ ಊರಲ್ಲಿ 1935ರಲ್ಲಿ ಇಬ್ಬರು ಕುಡುಕರು ಒಬ್ಬರ ಮುಂದೊಬ್ಬರು ಮನಸ್ಸು ಬಿಚ್ಚಿದ್ದರಿಂದ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ನಡೆಯೂ ಇದೇ. ಜನ್ಮಪೂರ್ತಿ ಬಿಡುವೆನೆಂಬ ಬೆಟ್ಟವನ್ನು ಅಲ್ಲಿ ಹೊರಿಸುವುದಿಲ್ಲ. ಈ ಒಂದು ದಿನ ಬೇಡ ಎನ್ನುತ್ತಾರೆ. ನಾಳೆಯ ಮಾತು ನಾಳೆಗೆ. ಮಿತವೆಂಬುದಕ್ಕೆ ಸ್ಥಾನವಿದ್ದರೆ ಅದು ಇಲ್ಲಿ: ಮದ್ಯದ ಅಳತೆಯಲ್ಲಿ ಇಲ್ಲ, ಪ್ರತಿಜ್ಞೆಯ ಅಳತೆಯಲ್ಲಿದೆ.

ಮತ್ತೆ ಜನ್ನನ ಕಡೆಗೆ ಬರುತ್ತೇನೆ. ಹಿಟ್ಟಿನ ಕೋಳಿಯ ಕೂಗಿಗೆ ಕಾವ್ಯ ಮುಗಿಯುವುದಿಲ್ಲ. ಭವಭವಗಳಲ್ಲಿ ಬಿದ್ದು ಎದ್ದ ಆ ಜೀವ ಅಭಯರುಚಿಯಾಗಿ ಹುಟ್ಟಿ, ಬಲಿಗೆ ಕತ್ತಿ ಹಿರಿದು ನಿಂತ ಮಾರಿದತ್ತನ ಮುಂದೆ ತನ್ನ ಕಥೆಯನ್ನು ತಾನೇ ಹೇಳುತ್ತದೆ. ಕೇಳಿದ ಅರಸನ ಕೈ ತಡೆಯುತ್ತದೆ. ಬಿದ್ದವನ ಬಾಯಿಂದ ಬಂದ ಕಥೆಗೆ ಆ ಶಕ್ತಿ ಉಂಟು. ಎಂದೂ ಬೀಳದ ನನ್ನಂಥವನ ಉಪದೇಶಕ್ಕೆ ಅದು ಬಾರದು.

ತಮ್ಮ ಈಗ ನಿವೃತ್ತನಾಗಿದ್ದಾನೆ. 2011ರಿಂದ ಈಚೆಗೆ ಮುಟ್ಟಿಲ್ಲ. ಭಾನುವಾರ ಹತ್ತಿರದ ಊರಿನಲ್ಲಿ ಬಿಟ್ಟವರು ಏಳೆಂಟು ಜನ ಕೂಡುತ್ತಾರೆ. ಹೊಸಬನೊಬ್ಬ ಬಂದರೆ ಸವಣೂರಿನ ಮದುವೆಯ ಕಥೆಯನ್ನು ಅವನಿಗೆ ಹೇಳುತ್ತಾನಂತೆ. ಅದರಲ್ಲಿ ಒಬ್ಬ ಅಣ್ಣ ಬರುತ್ತಾನೆ, ಹೆಸರಿಲ್ಲದೆ. ಕಳೆದ ದಸರೆಗೆ ಮನೆಗೆ ಬಂದಾಗ, ಎಷ್ಟು ವರ್ಷವಾಯಿತೋ ಎಂದು ಕೇಳಿದೆ. “ವರ್ಷದ ಲೆಕ್ಕ ನೀವ ಇಡ್ರಿ, ಅಣ್ಣಾ. ನಂದು ಇವತ್ತಿಂದಷ್ಟ” ಎಂದು ನಕ್ಕು, ಎರಡನೆಯ ಸಲ ಚಹಾ ಕೇಳಿದ.



(ಬಾನುಲಿ ಭಾಷಣದ ಪಠ್ಯ)