ಗಡಿ ಸುತ್ತಿದ ಊರು ಗುಡ್ಡವನ್ನೇ ಕೊಂಡ ಕತೆ

(ನಗರದ ವಾಚನಾಲಯವೊಂದರ ವಾರಾಂತ್ಯದ ಉಪನ್ಯಾಸದಲ್ಲಿ ನಮ್ಮ ವರದಿಗಾರರು ಆಡಿದ ಮಾತುಗಳ ಬರಹ ರೂಪ)



ಉಪನ್ಯಾಸ ಕೊಡುವಷ್ಟು ವಯಸ್ಸೂ ನನ್ನದಲ್ಲ, ಪಾಂಡಿತ್ಯವೂ ನನ್ನದಲ್ಲ. ಪತ್ರಿಕೆಯವರು ಒಂದು ಊರಿನ ಸುದ್ದಿ ಹುಡುಕಲು ಹೋಗಿ ಇನ್ನೊಂದು ಊರಿನ ಕತೆ ಹೊತ್ತು ತರುವುದುಂಟು. ನನಗೂ ಹಾಗೇ ಆಯಿತು. ಶ್ರೀರಂಗಪಟ್ಟಣದ ಬಗ್ಗೆ ಒಂದು ಲೇಖನಕ್ಕಾಗಿ 1799ರ ಕಾಗದಪತ್ರಗಳ ವಿವರ ಓದುತ್ತಿದ್ದೆ. ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರು ರಾಜ್ಯವನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಕಂಪನಿ ಸರ್ಕಾರ ಒಂದು ಆಯೋಗ ನೇಮಿಸಿತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದು ಆಗಲೇ. ಆ ಆಯೋಗಕ್ಕೆ ಇಬ್ಬರು ಕಾರ್ಯದರ್ಶಿಗಳು. ಒಬ್ಬ ಥಾಮಸ್ ಮನ್ರೋ. ಬಳ್ಳಾರಿ ಕಡೆಯವರಿಗೆ ಆ ಹೆಸರು ಹೇಳಿಕೊಡಬೇಕಾಗಿಲ್ಲ. ಇನ್ನೊಬ್ಬ ಜಾನ್ ಮಾಲ್ಕಮ್. ಈತನನ್ನು ನಾವು ಮರೆತಿದ್ದೇವೆ.

ಈ ಮಾಲ್ಕಮ್ ಯಾವ ಊರಿನವನು ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಸ್ಕಾಟ್ಲೆಂಡಿನ ದಕ್ಷಿಣ ಗಡಿಯಲ್ಲಿರುವ ಲ್ಯಾಂಗ್‌ಹೋಮ್ ಎಂಬ ಪುಟ್ಟ ಪೇಟೆ. ಎಸ್ಕ್, ಯೂಸ್, ವಾಕಪ್ ಎಂಬ ಮೂರು ಹೊಳೆಗಳು ಕೂಡುವ ಜಾಗ. ಜನಸಂಖ್ಯೆ ಎರಡು ಸಾವಿರ ಚಿಲ್ಲರೆ. ಊರಿನ ನೆತ್ತಿಯ ಮೇಲೆ ವೀಟಾ ಎಂಬ ಬೋಳು ಗುಡ್ಡ. ಅದರ ತುದಿಯಲ್ಲಿ ನೂರು ಅಡಿ ಎತ್ತರದ ಕಲ್ಲಿನ ಕಂಬ. 1835ರಲ್ಲಿ ಮಾಲ್ಕಮ್ ನೆನಪಿಗಾಗಿ ಎಬ್ಬಿಸಿದ್ದು. ನಾನು ಇಂದು ಹೇಳಹೊರಟಿರುವುದು ಆ ಕಂಬದ ಕತೆಯನ್ನಲ್ಲ. ಅದರ ಕೆಳಗಿರುವ ಊರಿನವರು ವರ್ಷಕ್ಕೊಮ್ಮೆ ನಡೆಸುವ ಒಂದು ಹಬ್ಬದ ಕತೆ. ಅದೇ ಊರಿನವರು ಈಚೆಗೆ ಮಾಡಿದ ಒಂದು ಸಾಹಸದ ಕತೆ.

ಮೊದಲು ಹಬ್ಬ. ಅದಕ್ಕೆ ‘ಕಾಮನ್ ರೈಡಿಂಗ್’ ಎಂದು ಹೆಸರು. ‘ಕಾಮನ್’ ಎಂದರೆ ಊರಿಗೆಲ್ಲ ಸೇರಿದ ನೆಲ. ನಮ್ಮ ಗೋಮಾಳವನ್ನು ನೆನೆದುಕೊಂಡರೆ ಅರ್ಥವಾಗುತ್ತದೆ. ಆ ನೆಲದ ಎಲ್ಲೆಯನ್ನು ಕುದುರೆಯೇರಿ ಸುತ್ತಿ ಬರುವುದೇ ‘ರೈಡಿಂಗ್’. ಸ್ಕಾಟ್ಲೆಂಡಿನ ಗಡಿನಾಡಿನಲ್ಲಿ ಹಲವು ಊರುಗಳು ಈ ಹಬ್ಬ ಮಾಡುತ್ತವೆ. ಸೆಲ್‌ಕರ್ಕ್‌ನವರು 1513ರ ಫ್ಲಾಡನ್ ಯುದ್ಧದಲ್ಲಿ ಸತ್ತವರನ್ನು ನೆನೆಯುತ್ತಾರೆ. ಹಾವಿಕ್‌ನವರು 1514ರಲ್ಲಿ ತಮ್ಮ ಊರ ಹುಡುಗರು ಇಂಗ್ಲಿಷರ ಬಾವುಟ ಕಸಿದು ತಂದದ್ದನ್ನು ನೆನೆಯುತ್ತಾರೆ. ಲ್ಯಾಂಗ್‌ಹೋಮ್‌ನವರ ನೆನಪಿನಲ್ಲಿ ಯುದ್ಧವಿಲ್ಲ. ಅವರು ನೆನೆಯುವುದು ಒಂದು ಕೋರ್ಟು ತೀರ್ಪನ್ನು!

1759ರಲ್ಲಿ ಅಲ್ಲಿನ ಭೂಮಿಯ ಹಕ್ಕುಗಳ ವಿವಾದವೊಂದು ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಊರಿನವರಿಗೆ ಕೆಲವು ಜಾಗಗಳ ಮೇಲೆ ಹಕ್ಕು ಉಳಿಯಿತು. ಅದರಲ್ಲಿ ಮುಖ್ಯವಾದದ್ದು ಗುಡ್ಡದ ಮೇಲಿನ ಜೌಗು ನೆಲ. ಅಲ್ಲಿ ‘ಪೀಟ್’ ಸಿಗುತ್ತದೆ. ಸಾವಿರಾರು ವರ್ಷ ನೀರಿನಲ್ಲಿ ನೆನೆದ ಪಾಚಿ, ಗಿಡಗಂಟಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತ ಕಪ್ಪು ಮಣ್ಣು ಅದು. ಇಟ್ಟಿಗೆಯಂತೆ ಕೊಯ್ದು ಒಣಗಿಸಿದರೆ ಒಲೆಗೆ ಉರುವಲು. ಮರವಿಲ್ಲದ ಬೋಳು ಗುಡ್ಡಗಳ ನಾಡಿನಲ್ಲಿ ಚಳಿಗಾಲ ಕಳೆಯಬೇಕಾದರೆ ಬಡವರಿಗೆ ಅದೇ ಗತಿ. ಹಾಗಾಗಿ ಆ ಹಕ್ಕು ಬರೀ ಕಾಗದದ ಹಕ್ಕಲ್ಲ. ಮನೆಯ ಒಲೆಯ ಹಕ್ಕು.

ಹಕ್ಕು ಸಿಕ್ಕರೆ ಸಾಲದು, ಎಲ್ಲೆ ಗುರುತಿಸಿಕೊಳ್ಳಬೇಕು. ಗುರುತು ಅಳಿಸಿದರೆ ಪಕ್ಕದವನು ಒತ್ತುವರಿ ಮಾಡುತ್ತಾನೆ. ಇದನ್ನು ನಮ್ಮವರಿಗೆ ವಿವರಿಸಬೇಕೆ! ಊರಿನ ಡೋಲು ಬಾರಿಸುವ ಆರ್ಚಿಬಾಲ್ಡ್ ಬೀಟಿ ಎಂಬಾತ ವರ್ಷವರ್ಷವೂ ಕಾಲ್ನಡಿಗೆಯಲ್ಲಿ ಗುಡ್ಡ ಹತ್ತಿ, ಎಲ್ಲೆಯ ಕಲ್ಲುಗುಪ್ಪೆಗಳನ್ನು ನೋಡಿಕೊಂಡು, ಹುಲ್ಲುಹೆಂಟೆ ಕೊಯ್ದು ಗುರುತು ಹಾಕಿ ಬರುತ್ತಿದ್ದ. ಐವತ್ತು ವರ್ಷಕ್ಕೂ ಮೇಲೆ ಅವನು ಈ ಕೆಲಸ ಮಾಡಿದನಂತೆ. 1816ರ ಹೊತ್ತಿಗೆ ಜನ ಕುದುರೆಯೇರಿ ಹೋಗತೊಡಗಿದರು. ಕೆಲಸ ಹಬ್ಬವಾಯಿತು.

ಇಂದಿಗೂ ಜುಲೈ ತಿಂಗಳ ಕೊನೆಯ ಶುಕ್ರವಾರ ಬೆಳಗಿನ ಜಾವ ಐದಕ್ಕೆ ಕೊಳಲಿನ ತಂಡ ಬೀದಿಬೀದಿ ಸುತ್ತಿ ಊರನ್ನು ಎಬ್ಬಿಸುತ್ತದೆ. ವರ್ಷಕ್ಕೊಬ್ಬ ತರುಣನನ್ನು ‘ಕಾರ್ನೆಟ್’ ಎಂದು ಆರಿಸುತ್ತಾರೆ; ಊರ ಬಾವುಟ ಅವನ ಕೈಗೆ. ಆ ವರ್ಷ ಹಬ್ಬದ ಬಣ್ಣ ಯಾವುದು ಎನ್ನುವುದನ್ನು ನಿರ್ಧರಿಸುವುದು ಇಂಗ್ಲೆಂಡಿನ ಡರ್ಬಿ ಕುದುರೆ ಪಂದ್ಯ! ಗೆದ್ದ ಜಾಕಿ ಯಾವ ಬಣ್ಣದ ಅಂಗಿ ತೊಟ್ಟಿದ್ದನೋ ಆ ಬಣ್ಣವೇ ಊರಿಗೆಲ್ಲ. ಕಾರ್ನೆಟ್‌ನ ಹಿಂದೆ ಸವಾರರ ಹಿಂಡು ಇಕ್ಕಟ್ಟಾದ ಕಡಿದು ಓಣಿಯಲ್ಲಿ ನಾಗಾಲೋಟದಿಂದ ಗುಡ್ಡಕ್ಕೆ ಏರುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ.

ಮೆರವಣಿಗೆಯಲ್ಲಿ ನಾಲ್ಕು ವಸ್ತುಗಳನ್ನು ಎತ್ತಿ ಹಿಡಿಯುತ್ತಾರೆ. ಒಂದು, ಎಲ್ಲೆಯ ಹೆಂಟೆ ಕೊಯ್ಯುವ ಗುದ್ದಲಿ. ಎರಡು, ಸ್ಕಾಟ್ಲೆಂಡಿನ ಲಾಂಛನವಾದ ಮುಳ್ಳಿನ ಥಿಸಲ್ ಗಿಡ. ಮೂರು, ಗುಲಾಬಿ ಹೂಗಳ ಕಿರೀಟ. ನಾಲ್ಕನೆಯದು ವಿಚಿತ್ರ: ಮರದ ತಟ್ಟೆಗೆ ದೊಡ್ಡ ಮೊಳೆ ಹೊಡೆದು ಬಿಗಿದ ಒಂದು ಬಾರ್ಲಿ ರೊಟ್ಟಿ ಮತ್ತು ಒಂದು ಉಪ್ಪುಮೀನು. ರೊಟ್ಟಿ, ಒಡೆಯನ ಹಿಟ್ಟಿನ ಗಿರಣಿಯ ಹಕ್ಕು. ಮೀನು, ಹೊಳೆಯ ಮೇಲೆ ಅವನಿಗಿದ್ದ ಹಕ್ಕು ಎನ್ನುತ್ತಾರೆ. ಹಿಂದೆ ಮಕ್ಕಳು, ಗುಡ್ಡದಲ್ಲಿ ಬೆಳೆಯುವ ಹೆದರ್ ಪೊದೆಯ ಪೊರಕೆಗಳನ್ನು ಹಿಡಿದು ನಡೆಯುತ್ತಾರೆ. ನಡೆದ ಮಗುವಿಗೆ ಒಂದು ನಾಣ್ಯ. ಗುಡ್ಡ ಯಾರದು ಎಂಬ ಪಾಠ ಆ ಊರಿನ ಮಕ್ಕಳಿಗೆ ಸಿಗುವುದು ಹೀಗೆ.

ಇದನ್ನೆಲ್ಲ ಕೇಳಿ ‘ಎಷ್ಟು ಚೆಂದ’ ಎಂದು ಬಿಟ್ಟುಬಿಡುವುದು ಸುಲಭ. ಆದರೆ ‘ಊರಿನವರು’ ಎಂದರೆ ಯಾರು ಎಂಬ ಪ್ರಶ್ನೆ ಇಂಥ ಹಬ್ಬಗಳಲ್ಲಿ ಯಾವಾಗಲೂ ಇರುತ್ತದೆ. ಪಕ್ಕದ ಹಾವಿಕ್‌ನಲ್ಲಿ ಮಹಿಳೆಯರು ಮುಖ್ಯ ಸವಾರಿಗಳಲ್ಲಿ ಸೇರುವಂತಿರಲಿಲ್ಲ. 1996ರಲ್ಲಿ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ತೀರ್ಪು ಮಹಿಳೆಯರ ಪರವಾಗಿ ಬಂತು. ಅದಕ್ಕಾಗಿ ಊರು ಎರಡು ಪಾಲಾಯಿತು. ಪರಂಪರೆ ಎನ್ನುವುದು ಎಲ್ಲರದೂ ಆಗಬೇಕಾದರೆ ಕೆಲವೊಮ್ಮೆ ಜಗಳ ಅನಿವಾರ್ಯ.

ಈಗ ಸಾಹಸದ ವಿಷಯಕ್ಕೆ ಬರುತ್ತೇನೆ.

ವರ್ಷಕ್ಕೊಮ್ಮೆ ಎಲ್ಲೆ ಸುತ್ತುವ ಈ ಊರಿಗೆ, ಆ ಎಲ್ಲೆಯ ಆಚೆ ಕಣ್ಣು ಹಾಯುವಷ್ಟು ದೂರ ಹಬ್ಬಿದ್ದ ಗುಡ್ಡಗಾಡು ಸೇರಿರಲಿಲ್ಲ. ಅದು ಬಕ್ಲೂ ಡ್ಯೂಕ್ ಮನೆತನದ ಎಸ್ಟೇಟಿನದು. ಬ್ರಿಟನ್ನಿನ ಅತಿ ದೊಡ್ಡ ಭೂಮಾಲೀಕರಲ್ಲಿ ಈ ಮನೆತನವೂ ಒಂದು. ಸ್ಕಾಟ್ಲೆಂಡಿನಲ್ಲಿ ಇದೇನೂ ಹೊಸದಲ್ಲ. ಆ ದೇಶದ ಖಾಸಗಿ ಗ್ರಾಮೀಣ ಭೂಮಿಯಲ್ಲಿ ಅರ್ಧದಷ್ಟು ಕೆಲವೇ ನೂರು ಮಾಲೀಕರ ಕೈಯಲ್ಲಿದೆ. ಇದರ ವಿರುದ್ಧದ ಗಾಳಿ ಬೀಸತೊಡಗಿದ್ದು ತೊಂಬತ್ತರ ದಶಕದಲ್ಲಿ. 1993ರಲ್ಲಿ ವಾಯವ್ಯ ಕರಾವಳಿಯ ಅಸಿಂಟ್‌ನ ಸಣ್ಣ ಹಿಡುವಳಿದಾರರು ತಾವು ಉಳುತ್ತಿದ್ದ ಎಸ್ಟೇಟನ್ನು ಚಂದಾ ಎತ್ತಿ ಕೊಂಡರು. 1997ರ ಜೂನ್ 12ರಂದು ಐಗ್ ದ್ವೀಪದ ನಿವಾಸಿಗಳು ತಮ್ಮ ದ್ವೀಪಕ್ಕೆ ತಾವೇ ಒಡೆಯರಾದರು. 2003ರಲ್ಲಿ ಭೂಸುಧಾರಣಾ ಕಾಯಿದೆ ಬಂತು. ಯಾರ ನೆಲದಲ್ಲಾದರೂ ಜವಾಬ್ದಾರಿಯಿಂದ ನಡೆದಾಡುವ ಹಕ್ಕನ್ನು ಅದು ಜನರಿಗೆ ಕೊಟ್ಟಿತು. ಊರ ಸಮುದಾಯಗಳು ಭೂಮಿ ಕೊಳ್ಳುವುದಕ್ಕೂ ದಾರಿ ಮಾಡಿತು.

ಲ್ಯಾಂಗ್‌ಹೋಮ್ ಆ ಹೊತ್ತಿಗೆ ಸೊರಗಿತ್ತು. ಅದು ಉಣ್ಣೆ ನೇಯ್ಗೆಯ ಊರು. ಟ್ವೀಡ್ ಬಟ್ಟೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಗುಡ್ಡದ ಮೇಲೂ ಹಳೆಯ ವ್ಯವಹಾರ ನಿಂತಿತ್ತು. ಆ ವ್ಯವಹಾರ ಗ್ರೌಸ್ ಎಂಬ ಹಕ್ಕಿಯ ಬೇಟೆ. ಶ್ರೀಮಂತರು ದುಡ್ಡು ಕೊಟ್ಟು ಬೇಟೆಗೆ ಬರುವ ಹಕ್ಕಿ ಅದು. ಅದರ ಮರಿಗಳನ್ನು ತಿನ್ನುವ ಇನ್ನೊಂದು ಹಕ್ಕಿಯಿದೆ: ಹೆನ್ ಹ್ಯಾರಿಯರ್. ನಮ್ಮಲ್ಲಿ ‘ಸೆಳೆವ’ ಎನ್ನುವ ಹದ್ದಿನ ಜಾತಿಯದು. ಇದರ ಬಂಧುಗಳು ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ನಮ್ಮ ಹುಲ್ಲುಗಾವಲುಗಳಿಗೂ ಬರುತ್ತವೆ. ಬೇಟೆಯ ಗುಡ್ಡಗಳಲ್ಲಿ ಈ ಹಕ್ಕಿಯನ್ನು ಕಾನೂನು ಮೀರಿ ಕೊಲ್ಲುವುದು ಬ್ರಿಟನ್ನಿನಲ್ಲಿ ಹಳೆಯ ರೋಗ. ಲ್ಯಾಂಗ್‌ಹೋಮ್ ಗುಡ್ಡದಲ್ಲಿ 1992ರಿಂದ 1997ರವರೆಗೆ ವಿಜ್ಞಾನಿಗಳು ಒಂದು ಅಧ್ಯಯನ ಮಾಡಿದರು. ಹ್ಯಾರಿಯರ್‌ಗೆ ರಕ್ಷಣೆ ಕೊಟ್ಟಾಗ ಗೂಡು ಕಟ್ಟುವ ಹೆಣ್ಣುಗಳು ಎರಡರಿಂದ ಇಪ್ಪತ್ತರ ಆಸುಪಾಸಿಗೆ ಏರಿದವು. ಗ್ರೌಸ್ ಬೇಟೆ ನಿಂತುಹೋಯಿತು. 2008ರಲ್ಲಿ ಎರಡನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಮತ್ತೊಂದು ದೀರ್ಘ ಪ್ರಯೋಗ ನಡೆಯಿತು. ಬೇಟೆಯನ್ನು ಲಾಭಕ್ಕೆ ತರುವಷ್ಟು ಗ್ರೌಸ್ ಹೆಚ್ಚಲಿಲ್ಲ.

2019ರಲ್ಲಿ ಎಸ್ಟೇಟ್ ಇಲ್ಲಿನ ಭೂಮಿಯನ್ನು ಮಾರಾಟಕ್ಕಿಡುವುದಾಗಿ ಹೇಳಿತು. ಊರಿಗೆ ದಿಗಿಲಾಯಿತು. ಕೊಂಡವನು ಗುಡ್ಡದ ತುಂಬ ಒಂದೇ ಜಾತಿಯ ನಾಟಾ ಮರ ನೆಟ್ಟರೆ? ಬೇಲಿ ಹಾಕಿದರೆ? ಆಗ ಮುಂದೆ ಬಂದದ್ದು 1994ರಿಂದ ಊರಿನ ಏಳಿಗೆಗೆ ದುಡಿಯುತ್ತಿದ್ದ ‘ಲ್ಯಾಂಗ್‌ಹೋಮ್ ಇನಿಷಿಯೇಟಿವ್’ ಎಂಬ ಸ್ಥಳೀಯ ಸಂಸ್ಥೆ. ಟ್ಯಾರಸ್ ಹೊಳೆಯ ಕಣಿವೆ ಸೇರಿದಂತೆ 5,200 ಎಕರೆಗೆ 38 ಲಕ್ಷ ಪೌಂಡ್ ಬೆಲೆ ನಿಗದಿಯಾಯಿತು. ಕಾಲವೋ ಕೊರೊನಾ ಕಾಲ. 2020ರಲ್ಲಿ ಕಾಮನ್ ರೈಡಿಂಗೇ ನಡೆಯಲಿಲ್ಲ. ಕುದುರೆಯೇರಿ ಎಲ್ಲೆ ಸುತ್ತಲಾಗದ ಅದೇ ವರ್ಷ ಊರು ಕೈಚಾಚಿ ಹಣ ಕೂಡಿಸಿತು. ಸ್ಕಾಟಿಷ್ ಲ್ಯಾಂಡ್ ಫಂಡ್ ಎಂಬ ಸಾರ್ವಜನಿಕ ನಿಧಿಯಿಂದ 10 ಲಕ್ಷ ಪೌಂಡ್ ಬಂತು. ಪರಿಸರ ಸಂಸ್ಥೆಗಳು, ಟ್ರಸ್ಟುಗಳು ಕೈಜೋಡಿಸಿದವು. ಎಂದೂ ಆ ಗುಡ್ಡ ನೋಡದ ಸಾವಿರಾರು ಜನ ಐದು, ಹತ್ತು ಪೌಂಡ್ ಕಳಿಸಿದರು. 2021ರ ಮಾರ್ಚಿನಲ್ಲಿ ನೆಲ ಊರಿನದಾಯಿತು. 2022ರಲ್ಲಿ ಇನ್ನೂ 22 ಲಕ್ಷ ಪೌಂಡ್ ಕೂಡಿಸಿ ಮತ್ತೊಂದು 5,300 ಎಕರೆ ಸೇರಿಸಿದರು. ಒಟ್ಟು ಹತ್ತೂವರೆ ಸಾವಿರ ಎಕರೆ. ಅದಕ್ಕೆ ಈಗ ‘ಟ್ಯಾರಸ್ ವ್ಯಾಲಿ ನೇಚರ್ ರಿಸರ್ವ್’ ಎಂದು ಹೆಸರು.

ಕೊಂಡು ಏನು ಮಾಡಿದರು? ಇದು ಮುಖ್ಯ ಪ್ರಶ್ನೆ. ಆ ಕಣಿವೆ ಈಗ ಬೇಲಿ ಹಾಕಿದ ಅಭಯಾರಣ್ಯವಲ್ಲ. ಊರು ಬಂದು ಹೋಗುವ ಜಾಗ. ಹಕ್ಕಿ ನೋಡುವ ನಡಿಗೆ, ಶಾಲಾ ಮಕ್ಕಳ ಭೇಟಿ, ಸ್ವಯಂಸೇವಕರು ನಾಡಮರದ ಸಸಿ ನೆಡುವ ದಿನ, ಇವೇ ಅಲ್ಲಿನ ಕಾರ್ಯಕ್ರಮಗಳು. ಪೀಟ್ ನೆಲದ ವಿಷಯ ಇನ್ನೂ ಸ್ವಾರಸ್ಯದ್ದು. ಹಿಂದೆ ಕುರಿ ಮೇವಿಗಾಗಿ ಅಲ್ಲಿ ಕಾಲುವೆ ತೋಡಿ ನೀರು ಬಸಿಯುತ್ತಿದ್ದರು. ಒಣಗಿದ ಪೀಟ್ ಗಾಳಿಗೆ ಇಂಗಾಲ ಬಿಡುತ್ತದೆ. ಈಗ ಆ ಕಾಲುವೆಗಳನ್ನು ಕಟ್ಟಿ ಮತ್ತೆ ನೀರು ನಿಲ್ಲಿಸಬೇಕು. ಒಳ್ಳೆಯ ಜೌಗಿನಲ್ಲಿ ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಮೀಟರಿಗೆ ಸಾವಿರ ವರ್ಷ! ಅಜ್ಜಂದಿರು ಯಾವ ಪೀಟ್ ಕೊಯ್ಯುವ ಹಕ್ಕಿಗಾಗಿ ಎಲ್ಲೆ ಸುತ್ತಿದರೋ, ಅದೇ ಪೀಟನ್ನು ಕೊಯ್ಯದೆ ಉಳಿಸುವುದಕ್ಕಾಗಿ ಮೊಮ್ಮಕ್ಕಳು ಗುಡ್ಡ ಹತ್ತುತ್ತಿದ್ದಾರೆ.

ಎಲ್ಲವೂ ಸುಸೂತ್ರ ಎಂದು ನಾನು ಹೇಳಲಾರೆ. ಕುರಿ ಸಾಕಿ ಬದುಕಿದ ಸೀಮೆಯಲ್ಲಿ ಕುರಿ ಕಡಿಮೆ ಮಾಡಿ ಮರ ನೆಡುತ್ತೇವೆ ಎಂದರೆ ಎಲ್ಲರಿಗೂ ಹಿಡಿಸುವುದಿಲ್ಲ. ಹಕ್ಕಿ ನೋಡಲು ಬರುವವರಿಂದ ಮುಚ್ಚಿದ ಗಿರಣಿಯ ಸಂಬಳ ಹುಟ್ಟೀತೆ ಎಂಬ ಸಂದೇಹ ನ್ಯಾಯವಾದದ್ದೇ. ಚಂದಾ ಎತ್ತಿ ಗುಡ್ಡ ಕೊಳ್ಳಬಹುದು; ವರ್ಷವರ್ಷ ಅದನ್ನು ನಡೆಸುವುದಕ್ಕೂ ಹಣ ಬೇಕು. ಆದರೆ ಒಂದು ವ್ಯತ್ಯಾಸ ಆಗಿದೆ. ಈ ಪ್ರಶ್ನೆಗಳಿಗೆ ಉತ್ತರ ಮೊದಲು ಎಸ್ಟೇಟಿನ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು. ಈಗ ಊರಿನ ಸಭೆಯಲ್ಲಿ ಚರ್ಚೆಯಾಗುತ್ತದೆ. ತಪ್ಪಾದರೆ ಬೈಯಲು ಎದುರಿಗೇ ಜನ ಇದ್ದಾರೆ.

ಕೊನೆಗೆ ಮತ್ತೆ ಆ ಕಂಬದ ಬಳಿ ಬರುತ್ತೇನೆ. ಮಾಲ್ಕಮ್‌ನ ಅಪ್ಪನಿಗೆ ಹದಿನೇಳು ಮಕ್ಕಳು. ವ್ಯವಹಾರದಲ್ಲಿ ಕೈ ಸುಟ್ಟುಕೊಂಡ ಮನುಷ್ಯ. ಹುಡುಗನನ್ನು ಕಂಪನಿ ನೌಕರಿಗೆ ಲಂಡನ್ನಿಗೆ ಕರೆದೊಯ್ದಾಗ ಅಧಿಕಾರಿಗಳು, ಹೈದರಾಲಿ ಎದುರಾದರೆ ಏನು ಮಾಡುತ್ತೀ ಎಂದು ಕೇಳಿದರಂತೆ. ಕತ್ತಿ ಹಿರಿದು ತಲೆ ತೆಗೆಯುತ್ತೇನೆ ಎಂದು ಹುಡುಗ ಹೇಳಿದನಂತೆ; ಕೆಲಸ ಸಿಕ್ಕಿತಂತೆ. 1783ರಲ್ಲಿ ಮದರಾಸಿಗೆ ಬಂದಿಳಿಯುವ ಹೊತ್ತಿಗೆ ಹೈದರಾಲಿ ತೀರಿಕೊಂಡಾಗಿತ್ತು. ಮೀಸೆ ಮೂಡದ ಹಳ್ಳಿಹುಡುಗ ಎಂದೂ ಕಾಣದ ನಮ್ಮ ನಾಡಿನ ದೊರೆಯ ತಲೆಯ ಮಾತಾಡಿ ಹೊಟ್ಟೆಪಾಡಿನ ದಾರಿ ಕಂಡುಕೊಂಡ. ಮುಂದೆ ಅವನು ಬೊಂಬಾಯಿಯ ಗವರ್ನರನೂ ಆದ. ಊರು ಅವನಿಗೆ ಗುಡ್ಡದ ತುದಿಯಲ್ಲಿ ಕಂಬ ಎಬ್ಬಿಸಿತು.

ಊರು ಬಿಟ್ಟು ಹೋಗಿ ಗೆದ್ದವನಿಗೆ ಕಂಬ. ಊರಲ್ಲೇ ಉಳಿದು ಐವತ್ತು ವರ್ಷ ಎಲ್ಲೆ ಸುತ್ತಿದ ಡೋಲಿನ ಬೀಟಿಗೆ ಹಬ್ಬ. ಎರಡರಲ್ಲಿ ಯಾವುದು ದೊಡ್ಡದೆಂದು ನಾನು ಹೇಳುವುದಿಲ್ಲ. ಕಂಬ ಎಬ್ಬಿಸಿದ್ದು ಒಂದೇ ಸಲ. ಎಲ್ಲೆಯನ್ನು ಮಾತ್ರ ಪ್ರತಿ ವರ್ಷವೂ ಸುತ್ತಬೇಕು. ಸುತ್ತುವುದಕ್ಕೆ ಊರಿನಲ್ಲಿ ಮಕ್ಕಳು ಉಳಿದಿರಬೇಕು. ಲ್ಯಾಂಗ್‌ಹೋಮ್‌ನವರು ಹತ್ತೂವರೆ ಸಾವಿರ ಎಕರೆ ಕೊಂಡದ್ದು ಅದಕ್ಕಾಗಿಯೇ ಎಂದು ನನಗೆ ತೋರುತ್ತದೆ.