ಖಾತೆ ಸಂಖ್ಯೆ ಬರೆಯುವಾಗ ಎಚ್ಚರ

(ತಾಳವಾಡಿಯ ಬೆಳೆಗಾರರ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಆಡಿದ ಮಾತು)



ಕಬ್ಬಿನ ಪಟ್ಟಿಯನ್ನು ಈಗ ತಮ್ಮ ಮಕ್ಕಳೇ ಗಣಕಯಂತ್ರದಲ್ಲಿ ಬರೆದುಕೊಡುತ್ತಿದ್ದಾರೆ. ಸಂತೋಷ. ಆದರೆ ಎಕ್ಸೆಲ್ ತಂತ್ರಾಂಶವು ಖಾತೆ ಸಂಖ್ಯೆಯನ್ನೂ ಕಬ್ಬಿನ ತೂಕದಂತೆಯೇ ಲೆಕ್ಕಕ್ಕೆ ಹಿಡಿಯುತ್ತದೆ. ಮೊದಲಿನ ಸೊನ್ನೆಯನ್ನು ನುಂಗುತ್ತದೆ. 15 ಅಂಕಿ ದಾಟಿದ್ದನ್ನೆಲ್ಲ ಸೊನ್ನೆ ಮಾಡುತ್ತದೆ. 16 ಅಂಕಿಯ ಖಾತೆಯಾದರೆ ಕೊನೆಯ 7 ಹೋಗಿ 0 ಕುಳಿತಿರುತ್ತದೆ; ಕಬ್ಬಿನ ಹಣ ತಮ್ಮ ಕೈ ಸೇರದು. ಆದ್ದರಿಂದ ಸಂಖ್ಯೆ ಬರೆಯುವ ಮೊದಲೇ ಆ ಕಾಲಮ್ಮನ್ನು ‘ಟೆಕ್ಸ್ಟ್’ ಎಂದು ಮಾಡಿಕೊಳ್ಳಬೇಕು. ಬರೆದಾದ ಮೇಲೆ ಮಾಡಿದರೆ ಹೋದ ಅಂಕಿ ಮರಳದು. ನಾನೇ ಒಮ್ಮೆ ಹೀಗೆ ಇಡೀ ಪಟ್ಟಿ ಕೆಡಿಸಿ, ಮತ್ತೆ ಬರೆದಿದ್ದೇನೆ.

ಹೆಸರುಗಳನ್ನು ಯೂನಿಕೋಡಿನಲ್ಲೇ ಬರೆಯಿಸಿ. ಹಳೆಯ ನುಡಿ ಫಾಂಟಿನ ಬರಹ, ಆ ಫಾಂಟಿಲ್ಲದ ಯಂತ್ರದಲ್ಲಿ ಓದಲು ಬಾರದು.

ಪಟ್ಟಿ ಕಳಿಸುವ ಮುನ್ನ ಪಾಸುಪುಸ್ತಕ ಹಿಡಿದು ಕೊನೆಯ ನಾಲ್ಕು ಅಂಕಿಗಳನ್ನು ತಾವೇ ತಾಳೆ ನೋಡಬೇಕು.